ಅಂದಾನಿ, ಎಪ್ಪತ್ನಾಲ್ಕರ ಮೇಲೆ

ನನ್ನ ಬಾಯಿ ಸ್ವಲ್ಪ ಜೋರು. ನುಂಗಂಬಾಕ್ಕಂ ಆಫೀಸಿನಲ್ಲಿದ್ದ ಹನ್ನೆರಡು ಜನಕ್ಕೂ ಅದು ಗೊತ್ತಿತ್ತು, ನನ್ನ ಯಜಮಾನರಿಗೆ ಅದಕ್ಕಿಂತ ಮುಂಚೆಯೇ ಗೊತ್ತಿತ್ತು. ಹಾಗಾಗಿ ತಪ್ಪು ಯಾರದು ಅಂತ ಮೊದಲೇ ಹೇಳಿಬಿಡ್ತೀನಿ. ತಪ್ಪು ನಂದು. ಜೊತೆಗೆ ಬೇರೆಯವರೂ ಇದ್ದರು, ಅವರ ಹೆಸರೂ ಬರುತ್ತೆ. ಆದರೆ ಆ ಇಸವಿಯನ್ನ ಟೈಪ್ ಮಾಡಿದ್ದು ಈ ನಾಗರತ್ನಮ್ಮನ ಬೆರಳು.

ಎರಡು ಸಾವಿರದ ಒಂದನೇ ಇಸವಿ. ನಾನು ಮೈಸೂರಿನವಳು. ಯಜಮಾನರ ಬ್ಯಾಂಕ್ ಕೆಲಸದಿಂದ ಮದರಾಸಿಗೆ ಬಂದು ಹದಿನೆಂಟು ವರ್ಷವಾಗಿತ್ತು. ಸ್ಕೂಲೊಂದರಲ್ಲಿ ಹುಡುಗಿಯರಿಗೆ ಪಿಟೀಲು ಕಲಿಸಿ ಕಲಿಸಿ ಕಿವಿ ಸವೆದಿತ್ತು. ಆಗ ಇಂಗ್ಲೆಂಡಿನ ಒಂದು ಕಂಪನಿ ಲೋಕದಲ್ಲಿ ಪಿಟೀಲು ಮಾಡಿದವರದೆಲ್ಲ ಒಂದು ಪಟ್ಟಿ ಮಾಡಿ ಕಂಪ್ಯೂಟರಿಗೆ ಹಾಕಲು ಹೊರಟಿತ್ತು. ಇಂಡಿಯಾದ ಭಾಗ ನಮ್ಮ ಆಫೀಸಿಗೆ ಬಂತು. ಮ್ಯಾನೇಜರು ಬದರಿನಾಥ, ಹಾಸನದ ಕಡೆಯ ಹುಡುಗ, ಮೂವತ್ತೈದಿರಬಹುದು. ಅವನಿಗೆ ಡೇಟಾಬೇಸು ಗೊತ್ತಿತ್ತು, ಪಿಟೀಲು ಗೊತ್ತಿರಲಿಲ್ಲ. ನನಗೆ ಅದರ ಉಲ್ಟಾ. ಯಾರ ಹೆಸರು ಸೇರಬೇಕು, ಯಾರದು ಬೇಡ ಅನ್ನೋದನ್ನ ನಾನು ತೀರ್ಮಾನ ಮಾಡಬೇಕು ಅಂತ ನನ್ನನ್ನ ಕೆಲಸಕ್ಕೆ ಗೊತ್ತುಮಾಡಿಕೊಂಡ.

ನಿಯಮ ಮೂರೇ ಮೂರು. ಒಂದು, ಮಾಡಿದವನ ಹೆಸರಿನ ಚೀಟಿ ಹೊಟ್ಟೆಯೊಳಗೆ ಅಂಟಿಸಿರೋ ಪಿಟೀಲು ಕಡೇಪಕ್ಷ ಐದಾದರೂ ಸಿಗಬೇಕು. ಎರಡು, ಆ ಚೀಟಿಯ ಮೇಲೆ ಇಸವಿ ಇರಬೇಕು. ಮೂರು, ಮಾಡಿದವನು ಸತ್ತಿರಬೇಕು, ಅದಕ್ಕೆ ಕಾಗದದ ಸಾಕ್ಷಿ ಬೇಕು. ಬದುಕಿರೋರನ್ನ ಸೇರಿಸಿದರೆ ಪ್ರತಿಯೊಬ್ಬನೂ ಶಿಫಾರಸು ಹಿಡಿದುಕೊಂಡು ಬರ್ತಾನೆ, ಪಟ್ಟಿ ಜಾಹೀರಾತಾಗುತ್ತೆ ಅಂತ ಇಂಗ್ಲೆಂಡಿನವರ ವಾದ. ಅದೂ ನಿಜವೇ. ಯಾಕಂದರೆ ಇನ್ಶೂರೆನ್ಸಿನವರು, ಹರಾಜಿನವರು, ಹೊರದೇಶಕ್ಕೆ ಕಛೇರಿಗೆ ಹೋಗೋ ವಿದ್ವಾಂಸರು, ಎಲ್ಲರೂ ಆ ಪಟ್ಟಿಯನ್ನೇ ನೋಡೋರು. ಪಟ್ಟಿಯಲ್ಲಿ ಹೆಸರಿದ್ದರೆ ಅದು ಪಿಟೀಲು, ಇಲ್ಲದಿದ್ದರೆ ಸೌದೆ.

ಸುಳ್ಳು ಯಾಕೆ ಹೇಳಲಿ, ನನಗೆ ಆ ಕೆಲಸ ರುಚಿಸಿತು. ನಲವತ್ತು ಹೆಸರು ಬಂದರೆ ಮೂವತ್ತೆಂಟು ಹೊಡೆದುಹಾಕೋಳು. ನಾನು ಒಳಗೆ ಬಂದರೆ ಟೈಪ್ ಮಾಡೋ ಹುಡುಗಿಯರು 'ಚಿತ್ರಗುಪ್ತಮ್ಮ ವಂದಾಚ್ಚು', ಬಂದಾಯ್ತು ಅಂತ ತಮಿಳಲ್ಲಿ ಪಿಸುಗುಟ್ಟಿ ನಗೋರು. ನಾನೂ ನಗ್ತಿದ್ದೆ. ಸ್ಕೂಲಿನಲ್ಲಿ ಯಾರೂ ನನ್ನ ಮಾತು ಕೇಳಿರಲಿಲ್ಲ, ಇಲ್ಲಿ ಲಂಡನ್ನಿನವರು ಕೇಳ್ತಿದ್ದರು.

ಆದರೆ ಒಬ್ಬರನ್ನ ಮಾತ್ರ ಸೇರಿಸಲೇಬೇಕು ಅಂತ ನನಗೆ ಹಟ. ಹೆಸರು ಅಂದಾನಿ. ಅವರ ಚೀಟಿಯಲ್ಲಿ ಇರೋದು ಇಷ್ಟೇ, 'ಅಂದಾನಿ, ಸೌಕಾರ್‌ಪೇಟೆ, ಮದರಾಸು', ಕೆಳಗೆ ಕೈಯಲ್ಲಿ ಬರೆದ ಇಸವಿ. ಮದರಾಸಿನಲ್ಲಿ ಕೂತು ಕನ್ನಡದಲ್ಲಿ ಚೀಟಿ ಅಂಟಿಸೋ ಎದೆ ಯಾರಿಗಿತ್ತು ಹೇಳಿ. ಐವತ್ತೊಂದರಿಂದ ಎಪ್ಪತ್ತಮೂರರವರೆಗಿನ ಒಂಬತ್ತು ಪಿಟೀಲು ಸಿಕ್ಕಿದ್ದವು. ಎಲ್ಲವೂ ಗಟ್ಟಿ ಕೆಲಸ, ಮಂದ್ರದಲ್ಲಿ ತುಂಬಿದ ನಾದ. ಬೇಕಾಗಿದ್ದುದು ಸತ್ತ ಇಸವಿ ಒಂದೇ. ಸೌಕಾರ್‌ಪೇಟೆಯಲ್ಲಿ ವಿಚಾರಿಸಿದೆ. ಅವರಿದ್ದ ಮನೆ ಕೆಡವಿ ಬಟ್ಟೆ ಗೋದಾಮು ಕಟ್ಟಿದ್ದರು. ಗೋದಾಮಿನ ಸೇಟು, 'ಆ ಕನ್ನಡದ ಪಿಟೀಲು ಆಸಾರಿನಾ? ಅವರೆಲ್ಲ ಆಗಲೇ ಹೋದರು' ಅಂದ. ಎಲ್ಲಿಗೆ ಹೋದರು ಅಂತ ನಾನು ಕೇಳಲಿಲ್ಲ.

ಹಳೇ ವಾದ್ಯದಂಗಡಿಯವರೊಬ್ಬರು ಅಂದಾನಿ ನಂಜನಗೂಡಿನ ಕಡೆಯ ಲಿಂಗಾಯತರು, ಇಪ್ಪತ್ತಾರನೇ ಇಸವಿಯಲ್ಲಿ ಹುಟ್ಟಿದವರು, ಅಕ್ಕ ಬಸವಣ್ಣೆಮ್ಮನನ್ನ ಗುಂಡ್ಲುಪೇಟೆಗೆ ಕೊಟ್ಟಿತ್ತು ಅಂದರು. ಮೈಸೂರಿಗೆ ಮದುವೆಗೆ ಹೋದಾಗ ಗುಂಡ್ಲುಪೇಟೆಗೂ ಹೋದೆ. ಬಸವಣ್ಣೆಮ್ಮ ತೀರಿಕೊಂಡು ಎರಡು ವರ್ಷವಾಗಿತ್ತು, ಮಕ್ಕಳಿಲ್ಲ. ಆ ಮನೆಯಲ್ಲಿ ಬಾಡಿಗೆಗಿದ್ದ ಹೆಂಗಸು ಒಳ್ಳೆಯವಳು, ಅಜ್ಜಿಯ ದೇವರ ಪಟ ಗೋಡೆಯ ಮೇಲಿದ್ದ ಹಾಗೇ ಬಿಟ್ಟಿದ್ದಳು. ಆ ಪಟದ ಹಿಂದೆ ಸಿಕ್ಕಿಸಿದ್ದ ಒಂದು ಪೋಸ್ಟ್‌ಕಾರ್ಡು ತೆಗೆದು, 'ಮದರಾಸಿಂದು ಅಂದ್ರಲ್ಲ, ಇದೊಂದಿದೆ ನೋಡಿ' ಅಂತ ಕೊಟ್ಟಳು. ಜೂನ್ ಎಪ್ಪತ್ನಾಲ್ಕರ ಮುದ್ರೆ. 'ನಿಮ್ಮ ತಮ್ಮ ಅಂದಾನಿಯವರು ನಿನ್ನೆ ಬೆಳಗ್ಗೆ ಶಿವಾಧೀನರಾದರು. ಕೂಡಲೇ ಹೊರಟು ಬರುವುದು.'

ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅಂದರಂತೆ. ನಾನು ಕಟ್ಟಿದೆ. ಸೋಮವಾರ ಆಫೀಸಿಗೆ ಬಂದವಳೇ ಕಾರ್ಡನ್ನ ಸ್ಕ್ಯಾನ್ ಮಾಡಿಸಿ, 'ಅಂದಾನಿ, 1926–1974' ಅಂತ ಟೈಪ್ ಮಾಡಿ ಒತ್ತಿದೆ. ಬದರಿನಾಥ ಟೀ ತರಿಸಿದ. ಒಬ್ಬ ಕನ್ನಡದ ಆಚಾರಿಯನ್ನ ಲೋಕದ ಪಟ್ಟಿಗೆ ಸೇರಿಸಿದೆ ಅಂತ ನನಗೆ ಕೋಡು ಬಂದಿತ್ತು.

ಮಾರನೇ ವರ್ಷ ಪಟ್ಟಿ ಹೊರಗೆ ಬಂತು. ಅದಾದ ಎರಡನೇ ತಿಂಗಳಿಗೆ ಒಂದು ಲಕೋಟೆ. ತಂಜಾವೂರಿನ ಒಬ್ಬರು ತಮ್ಮ ಹತ್ತಿರವೂ ಅಂದಾನಿಯ ಪಿಟೀಲಿದೆ, ಸೇರಿಸಿ ಅಂತ ಫೋಟೋ ಕಳಿಸಿದ್ದರು. ಚೀಟಿಯ ಮೇಲೆ ಎಪ್ಪತ್ತೊಂಬತ್ತನೇ ಇಸವಿ. ಸತ್ತು ಐದು ವರ್ಷದ ಮೇಲೆ ಯಾರಾದರೂ ಪಿಟೀಲು ಮಾಡ್ತಾರೇನ್ರೀ? ನಕಲಿ ಅಂತ ಬರೆದು, ಫೋಟೋ ಸಮೇತ ವಾಪಸ್ ಕಳಿಸಿದೆ. ತಿರಸ್ಕರಿಸಿದ್ದರ ಫೋಟೋ ವಾಪಸ್ ಕಳಿಸೋದು ನಮ್ಮ ಪದ್ಧತಿ, ಒಂದು ಪ್ರತಿಯೂ ಇಟ್ಟುಕೊಳ್ತಿರಲಿಲ್ಲ.

ಆಮೇಲೆ ಇನ್ನೊಂದು ಬಂತು, ಎಂಬತ್ತಮೂರು. ಮತ್ತೊಂದು, ಎಂಬತ್ತೆಂಟು. ವಾರಕ್ಕೊಂದು ಬರೋಕೆ ಶುರುವಾಯ್ತು. ಒಟ್ಟು ಮೂವತ್ತೊಂದು. ನನಗೆ ಒಳಗೊಳಗೇ ಏನೋ ಒಂಥರಾ ಆಗ್ತಿತ್ತು, ಅದನ್ನೂ ಹೇಳಿಬಿಡ್ತೀನಿ. ಇಸವಿ ಬರೆದ ಕೈ ಅದೇ. ಒಂಬತ್ತರ ಬಾಲ ಎಡಕ್ಕೆ ಎಳೆಯೋ ರೀತಿ ಅದೇ. ಭೂತಗನ್ನಡಿ ಹಿಡಿದು ನೋಡಿ, ಎಂಥ ಕೈಚಳಕ ಈ ಕಳ್ಳಂದು ಅಂತ ಮೆಚ್ಚಿಕೊಂಡೆ. ಕಾಮಾಲೆ ಕಣ್ಣಿಗೆ ಕಂಡಿದ್ದೆಲ್ಲ ಹಳದಿ. ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಪಟ್ಟಿಯಲ್ಲಿ ಎಲ್ಲರೂ ಓದೋ ಹಾಗೆ ಒಂದು ಟಿಪ್ಪಣಿ ಬರೆದೆ. 'ಅಂದಾನಿಯ ಮರಣದ ನಂತರ ಚೆನ್ನೈಯಲ್ಲಿ ಯಾರೋ ಆತನ ಹೆಸರಿನಲ್ಲಿ ನಕಲು ಮಾಡುತ್ತಿದ್ದಾರೆ. ನಕಲು ಮಾಡಿದ ಕೈ ಅಂದಾನಿಯ ಕೈಗಿಂತ ನುರಿತದ್ದು.'

ಆ ಟಿಪ್ಪಣಿ ಓದಿ ವಿದೇಶದ ಒಂದು ಇನ್ಶೂರೆನ್ಸ್ ಕಂಪನಿ ವಕೀಲರನ್ನ ಹಿಡಿಯಿತು. ಎಪ್ಪತ್ನಾಲ್ಕರ ಮೇಲಿನ ಅಂದಾನಿ ಪಿಟೀಲು ಇಟ್ಟುಕೊಂಡವರಿಗೆಲ್ಲ ನೋಟಿಸು ಹೋಯ್ತು. ನಕಲಿ ಚೀಟಿಯ ವಾದ್ಯ ಇಟ್ಟುಕೊಳ್ಳೋದು, ಮಾರೋದು ಅಪರಾಧ, ಕೊಟ್ಟವರ ವಿಳಾಸ ತಿಳಿಸಿ ಅಂತ. ಯಾರೋ ಒಬ್ಬರು ಹೆದರಿ ವಿಳಾಸ ಕೊಟ್ಟೂ ಕೊಟ್ಟರು. ಅದು ನನಗೆ ಆಮೇಲೆ ತಿಳೀತು.

ಎರಡು ಸಾವಿರದ ನಾಲ್ಕರ ಜನವರಿ, ಮಾರ್ಗಳಿ ಮಾಸದ ಸಂಗೀತ ಕಛೇರಿಗಳು ಮುಗಿದಿದ್ದವು. ಕೌಸಲ್ಯಾ ಅಂತ ಒಬ್ಬರು ಸೀದಾ ಆಫೀಸಿಗೇ ಬಂದರು. ಹೊರದೇಶದಲ್ಲೂ ಹೆಸರಿರೋ ವಿದುಷಿ, ಕನ್ನಡದವರೇ, ನಾಲ್ಕು ತಲೆಮಾರಿನಿಂದ ಮೈಲಾಪುರದಲ್ಲಿರೋರು. ಪಿಟೀಲಿನ ಪೆಟ್ಟಿಗೆಯನ್ನ ನನ್ನ ಮೇಜಿನ ಮೇಲೆ ಇಟ್ಟು ತೆರೆದು ಹೇಳಿದರು:

'ತೊಂಬತ್ತೊಂದರದು ಇದು. ಇದನ್ನ ನಕಲಿ ಅಂತ ಬರ್ದಿರೋರು ನೀವೇನಾ?'

'ನಾನೇ. ಅಂದಾನಿ ಎಪ್ಪತ್ನಾಲ್ಕರಲ್ಲಿ ತೀರಿಕೊಂಡ್ರು. ಸಾಕ್ಷಿ ಇದೆ.'

'ಹಾಗಾದ್ರೆ ತೊಂಬತ್ತೊಂದರಲ್ಲಿ ಮೂರು ತಿಂಗಳು ನಾನು ಯಾರ ಎದುರಿಗೆ ಕೂತು ಇದನ್ನ ಮಾಡಿಸ್ಕೊಂಡೆ?'

'ಅದನ್ನೇ ನಾವೂ ಹುಡುಕ್ತಾ ಇರೋದು. ತಾನೇ ಅಂದಾನಿ ಅಂತ ಹೇಳ್ಕೊಂಡು ಮೋಸ ಮಾಡ್ತಿರೋನು ಯಾರು ಅಂತ.'

ಕೌಸಲ್ಯಾ ಪೆಟ್ಟಿಗೆ ಮುಚ್ಚಿದರು. 'ಏಳಿ, ಚಪ್ಪಲಿ ಹಾಕ್ಕೊಳ್ಳಿ. ಕೀಳ ಆಟೋ ನಿಕ್ಕುದು, ಕಾಯ್ತಾ ಇದೆ' ಅಂದರು.

ಸೌಕಾರ್‌ಪೇಟೆಯ ಒಂದು ಬಳೆ ಗೋದಾಮಿನ ಮಹಡಿ. ಹಳೇ ಮನೆಯಿಂದ ಎರಡೇ ಬೀದಿ ಆಚೆ. ಸೇಟು ಹೇಳಿದ 'ಹೋದರು' ಅಂದರೆ ಅಷ್ಟು ದೂರ. ಹಗಲು ಹನ್ನೊಂದು ಗಂಟೆ, ಕೆಳಗೆ ಕೈಗಾಡಿಯವರ ಕಿರುಚಾಟ. ಮೇಲೆ ಕಿಟಕಿಯ ಹತ್ತಿರ ಚಾಪೆ ಹಾಸಿಕೊಂಡು ಒಬ್ಬ ಮುದುಕರು ಕೂತಿದ್ದರು. ಹಣೆಯಲ್ಲಿ ವಿಭೂತಿ, ಎದೆಯ ಮೇಲೆ ಲಿಂಗದ ಕರಡಿಗೆ, ತೊಡೆಯ ಮೇಲೆ ಅರ್ಧ ಕೆತ್ತಿದ ಪಿಟೀಲಿನ ಕತ್ತು. ಗೋಂದಿನ ಡಬ್ಬಿಯ ಕೆಳಗೆ ವಕೀಲರ ನೋಟಿಸು. ಅವರ ಮಗಳು ಶಿವರಂಜನಿ, ನಲವತ್ತರ ಹೆಂಗಸು, ಬಾಗಿಲಲ್ಲೇ ನಿಂತಳು. ನಮ್ಮನ್ನ ಒಳಗೆ ಬಿಡೋ ಮನಸ್ಸು ಅವಳಿಗಿರಲಿಲ್ಲ.

ನಾನು ಕೂರಲಿಲ್ಲ. ಬ್ಯಾಗಿನಿಂದ ಕಾರ್ಡಿನ ನಕಲು ತೆಗೆದು ಅವರ ಮುಂದೆ ಹಿಡಿದೆ. 'ಅಂದಾನಿಯವರು ಸತ್ತು ಮೂವತ್ತು ವರ್ಷ ಆಯ್ತು. ನೀವು ಯಾರು?'

ಮುದುಕರು ಕನ್ನಡಕ ಹಾಕಿಕೊಂಡು ಓದಿದರು. ಓದುತ್ತಾ ಓದುತ್ತಾ ಅವರ ಮುಖ ಅರಳಿತು. 'ನಮ್ಮಕ್ಕ ಇದ ಇನ್ನೂ ಮಡಗಿದ್ಲಾ' ಅಂದರು. ಕಣ್ಣಲ್ಲಿ ನೀರು ಬಂತು. 'ಇದ ಬರದೋಳು ನನ್ ಹೆಂಡ್ರು ಕಣವ್ವ. ಅವತ್ತು ಬೆಳಗ್ಗೆ ತಾರಸಿ ಮೇಲೆ ಮರ ಒಣಗಾಕ್ತಿದ್ದೆ, ಕಾಗೆ ಬಂದು ತಲೆ ಮೇಲೆ ಕುಕ್ಕಿ ಹೋಯ್ತು.'

ಅಷ್ಟು ಸಾಕಾಯ್ತು ನನಗೆ.

ಕಾಗೆ ತಲೆ ಮುಟ್ಟಿದರೆ ಸಾವಿನ ದೋಷ ಅಂತ ನಮ್ಮ ಕಡೆ ನಂಬಿಕೆ. ಆ ದೋಷ ಕಳೀಬೇಕಾದರೆ ಹತ್ತಿರದ ನೆಂಟರಿಗೆ ಅವನು ಸತ್ತ ಅಂತ ಸುಳ್ಳು ಸುದ್ದಿ ಕಳಿಸಬೇಕು. ಅವರು ನಿಜ ಅಂತ ನಂಬಿ ಅಳಬೇಕು. ಒಂದು ಸಲ ಅತ್ತರೆ ಸಾವು ಬಂದು ಹೋದ ಲೆಕ್ಕ, ಆಮೇಲೆ ಬದುಕಿದ್ದಾನೆ ಅಂತ ಸುದ್ದಿ ತಿರುಗಿಸ್ತಾರೆ. ನನ್ನ ಸೋದರಮಾವನಿಗೇ ಹಾಗೆ ಮಾಡಿದ್ದರು, ನಾನು ಹತ್ತು ವರ್ಷದವಳಿದ್ದಾಗ.

'ಮೂರನೇ ದಿನ ತಂತಿ ಕೊಟ್ಟೋ, ಚೆನ್ನಾಗವ್ನೆ ಅಂತ' ಅಂದರು ಅಂದಾನಿ. 'ಅಷ್ಟೊತ್ಗೆ ಅಕ್ಕ ರೈಲು ಹತ್ಬುಟ್ಟಿದ್ಲು. ಬಂದು ನನ್ನ ನೋಡುದ್ಲು, ಬೆನ್ನಿಗೆ ನಾಕು ಗುದ್ದುದ್ಲು, ಕೂತ್ಕಂಡು ನಗಾಡುದ್ಲು. ಊರಿಗೆ ಹೋದಾಗೆಲ್ಲ ದೇವ್ರು ಪಟದ ಹಿಂದ್ಗಡೆಯಿಂದ ಈ ಕಾರ್ಡ್ ತಗ್ದು ತೋರ್ಸಿ, ಸತ್ತೋನು ಬಂದ, ಎಲೆ ಹಾಕ್ರೋ ಅನ್ನೋಳು.' ಆಮೇಲೆ ನನ್ನ ಮುಖ ನೋಡಿ, ಬೈಯೋ ಧ್ವನಿಯಲ್ಲಲ್ಲ, ಸುಮ್ಮನೆ ಕೇಳಿದರು. 'ನೀವೂ ನಮ್ ಕಡೆಯೋರೇ ಅಲ್ವ ತಾಯಿ. ಸಾವಿನ ಕಾಗ್ದ ಯಾರಾದ್ರೂ ಮನೇಲಿ ಮಡೀಕತಾರಾ? ಓದಿದ್ ತಕ್ಷಣ ಹರುದಾಕ್ತಾರೆ. ಅದೂ ದೇವ್ರು ಪಟದ ಹಿಂದ್ಗಡೆ ಮಡಗ್ತಾರಾ?'

ಇಲ್ಲ. ಯಾರೂ ಇಡೋದಿಲ್ಲ. ನಮ್ಮ ಅಮ್ಮ ಅಂಥ ಕಾರ್ಡು ಬಂದರೆ ಹೊಸಿಲಾಚೆಯೇ ನಿಂತು ಓದಿ, ಹರಿದು ಚರಂಡಿಗೆ ಹಾಕಿ, ಕೈ ತೊಳೆದು ಒಳಗೆ ಬರ್ತಿದ್ದರು. ಕಾರ್ಡು ಇಡಿಯಾಗಿ ಉಳಿದಿದೆ ಅನ್ನೋದೇ ಆ ಸಾವು ಸುಳ್ಳು ಅನ್ನೋದಕ್ಕೆ ಸಾಕ್ಷಿಯಾಗಿತ್ತು. ಲಂಡನ್ನಿನವರಿಗೆ ಅದು ಗೊತ್ತಿರೋ ಹಾಗಿಲ್ಲ. ಅದು ಗೊತ್ತಿರಲಿ ಅಂತಲೇ ಅವರು ನನಗೆ ಸಂಬಳ ಕೊಡ್ತಿದ್ದರು.

ಶಿವರಂಜನಿ ಬಾಗಿಲಿನಿಂದಲೇ ಹೇಳಿದಳು. 'ಅತ್ತೆ ಅತ್ತಿದ್ದಕ್ಕೆ ಅಪ್ಪ ಪೊಳೈಚ್ಚಾರು, ಬದುಕಿಕೊಂಡ್ರು. ನೀವು ಅಳದೇ ಬರ್ದುಬಿಟ್ರಿ.'

ನಾನು ಆ ಚಾಪೆಯ ಅಂಚಿನಲ್ಲಿ ಕೂತು, ಮೂವತ್ತೊಂದನ್ನ ತಿರಸ್ಕರಿಸಿದ್ದನ್ನೂ ಹೇಳಿ ಕ್ಷಮೆ ಕೇಳಿದೆ. ವಾರದೊಳಗೆ ಸರಿಮಾಡಿಸ್ತೀನಿ ಅಂತ ಮಾತು ಕೊಟ್ಟೆ. ಅಂದಾನಿ ಎರಡೇ ಮಾತು ಹೇಳಿದರು. ಐವತ್ತೊಂದರಿಂದ ಮಾಡಿದ್ದು ಕೈ ಕೂರಿಸೋಕೆ ಮಾಡಿದ್ದು, ಎಪ್ಪತ್ತೈದರ ಮೇಲೆ ಮಾಡಿದ್ದೇ ಪಿಟೀಲು ಅಂತ ಒಂದು. 'ಆ ಮೂವತ್ತೊಂದಕ್ಕೆ ನನ್ನೆಸರು ಉಳಿಸ್ಕೊಡಿ ತಾಯಿ, ಮೊದಲ್ನೇವು ಹೋದ್ರೂ ಹೋಗ್ಲಿ' ಅಂತ ಇನ್ನೊಂದು.

ಬದರಿನಾಥ ಎಲ್ಲಾ ಕೇಳಿ ಬಾಗಿಲು ಮುಚ್ಚಿದ. ಸಣ್ಣ ಧ್ವನಿಯಲ್ಲಿ, ಮರ್ಯಾದೆಯಾಗಿ ಮಾತಾಡೋ ಹುಡುಗ ಅವನು.

'ಮೇಡಂ, ಬದುಕಿದ್ದಾರೆ ಅಂತ ಬರೆದರೆ ಮೂರನೇ ನಿಯಮದ ಪ್ರಕಾರ ಅವರ ಹೆಸರೇ ಪಟ್ಟಿಯಿಂದ ಹೋಗುತ್ತೆ. ಒಂಬತ್ತೂ ಹೋಗುತ್ತೆ, ಮೂವತ್ತೊಂದೂ ಬರಲ್ಲ. ಅವರಿಗೇನು ಲಾಭ?'

'ಮೋಸಗಾರ ಅನ್ನೋದಾದರೂ ಹೋಗುತ್ತಲ್ಲಪ್ಪ.'

'ಹೋಗುತ್ತೆ. ಜೊತೆಗೆ ಲಂಡನ್ನಿನವರು, ಇನ್ನೆಷ್ಟು ಜನ ಬದುಕಿರೋರನ್ನ ಸಾಯಿಸಿದ್ದೀರಿ ಅಂತ ಕೇಳ್ತಾರೆ. ಕಾಂಟ್ರಾಕ್ಟ್ ಹೋಗುತ್ತೆ. ಹನ್ನೆರಡು ಜನ ಮನೆಗೆ ಹೋಗ್ತೀವಿ.' ಆಮೇಲೆ ಕೇಳಿದ. 'ಅವರಿಗೆ ವಯಸ್ಸೆಷ್ಟು?'

'ಎಪ್ಪತ್ತೆಂಟು.'

'ಆರೋಗ್ಯ?'

ನನಗೆ ಅರ್ಥವಾಗೋಕೆ ಒಂದು ನಿಮಿಷ ಹಿಡೀತು.

'ತಪ್ಪು ತಿಳ್ಕೋಬೇಡಿ' ಅಂದ. 'ಇನ್ನೆಷ್ಟು ದಿನ ಇರಬಹುದು? ಒಂದು ವರ್ಷ, ಎರಡು ವರ್ಷ. ಅವರು ಹೋದಮೇಲೆ ಹೊಸ ಸಾಕ್ಷಿ ಸಿಕ್ಕಿತು ಅಂತ ಇಸವಿ ತಿದ್ದೋಣ. ಆಗ ಒಂಬತ್ತೂ ಉಳಿಯುತ್ತೆ, ಮೂವತ್ತೊಂದೂ ಸೇರುತ್ತೆ. ಎಲ್ಲಾ ನಿಯಮದೊಳಗೇ ಆಗುತ್ತೆ. ಸ್ವಲ್ಪ ಕಾಯಬೇಕು, ಅಷ್ಟೇ.'

ಅವನ ಮಾತಿನಲ್ಲಿ ನ್ಯಾಯವೇ ಇತ್ತು, ಅದೇ ಕೆಟ್ಟದ್ದು. ಬೈದು ಎದ್ದು ಬರೋಕೆ ನನಗೆ ಬಾಯಿ ಬರಲಿಲ್ಲ. ಬೇರೆ ದಿನ ಇಡೀ ಬೀದಿಗೆ ಕೇಳೋ ಬಾಯಿ ಅದು. ಮಾರನೇ ದಿನ ಬದರಿನಾಥ ಒಂದು ತಿದ್ದುಪಡಿ ಅರ್ಜಿ ತಯಾರು ಮಾಡಿ ತಂದ. ಹೆಸರು, ಊರು, ಕಾರಣ, ಅವನ ಸಹಿ, ಎಲ್ಲಾ ತುಂಬಿತ್ತು. ಮರಣ ಅನ್ನೋ ಕಡೆ '200' ಅಂತ ಬರೆದು ಮುಂದೆ ಒಂದು ಸಣ್ಣ ಗೆರೆ ಬಿಟ್ಟಿದ್ದ. ನಾನೂ ಸಹಿ ಹಾಕಿ ನನ್ನ ಡ್ರಾಯರಿನಲ್ಲಿ ಇಟ್ಟೆ.

ಅಂದಾನಿಯವರಿಗೆ ಫೋನ್ ಮಾಡಿ, 'ಆಗುತ್ತೆ, ಸ್ವಲ್ಪ ದಿನ ಕಾಯಬೇಕಂತೆ' ಅಂದೆ. 'ಏನಕ್ಕೆ ಕಾಯ್ಬೇಕು ತಾಯಿ?' ಅಂದರು. 'ಆಫೀಸಿನ ಪ್ರೊಸೀಜರು' ಅಂದೆ. 'ಆಗ್ಲಿ' ಅಂತ ಇಟ್ಟರು.

ಆಮೇಲೆ ಪ್ರತಿ ಸೋಮವಾರ ಫೋನ್ ಮಾಡ್ತಿದ್ದೆ. ಯೋಗಕ್ಷೇಮ ವಿಚಾರಿಸೋಕೆ ಅಂತ ನನಗೆ ನಾನೇ ಹೇಳಿಕೊಳ್ತಿದ್ದೆ. ಮೊದಮೊದಲು ಅವರೇ ತೆಗೆದುಕೊಳ್ಳೋರು. ಊಟ ಆಯ್ತಾ, ಮಂಡಿನೋವು ಹೇಗಿದೆ, ಹೀಗೆ ನಾಲ್ಕು ಮಾತು. ಏಪ್ರಿಲಿನಲ್ಲಿ ಅವರಿಗೆ ಜ್ವರ ಬಂತು. ಆ ವಾರ ನಾನು ಮೂರು ಸಲ ಫೋನ್ ಮಾಡಿದೆ. ಮೂರನೇ ಸಲ ಅವರೇ ತೆಗೆದು ನಿಧಾನಕ್ಕೆ, 'ಇವತ್ತೂ ಇವ್ನಿ ಕಣವ್ವ' ಅಂದರು. ಜ್ವರ ಬಿಟ್ಟಿದೆ ಅಂತ ಗೊತ್ತಾದಾಗ ನನ್ನೊಳಗೆ ಏನಾಯ್ತು ಅನ್ನೋದನ್ನ ನಾನು ನನ್ನ ಯಜಮಾನರಿಗೂ ಹೇಳಿಲ್ಲ. ಸಂತೋಷ ಅಂತೂ ಪೂರ್ತಿ ಆಗಲಿಲ್ಲ. ಅಷ್ಟು ಹೇಳಿದರೆ ಸಾಕು.

ಜೂನ್ ಹೊತ್ತಿಗೆ ಫೋನು ಶಿವರಂಜನಿಯ ಕೈಗೆ ಹೋಯ್ತು. ಅವಳು ನಮಸ್ಕಾರ ಅಂತಲೂ ಅನ್ನುತ್ತಿರಲಿಲ್ಲ. ನನ್ನ ಧ್ವನಿ ಕೇಳಿದ ತಕ್ಷಣ 'ಇರ್ಕಾರು' ಅಂತ ಹೇಳಿ ಇಟ್ಟುಬಿಡೋಳು. ಇದ್ದಾರೆ, ಅಷ್ಟೇ. ಹೊಸ ವರ್ಷ ಬಂತು. ಬದರಿನಾಥ ಕಾರಿಡಾರಿನಲ್ಲಿ ಸಿಕ್ಕಿದಾಗ ಹುಬ್ಬು ಮೇಲೆತ್ತೋನು, ನಾನು ತಲೆ ಅಲ್ಲಾಡಿಸ್ತಿದ್ದೆ. ಹುಬ್ಬು ಇಳಿಸಿಕೊಂಡು ಹೋಗೋನು. ಒಬ್ಬ ಮನುಷ್ಯ ಸಾಯಲಿ ಅಂತ ಇಬ್ಬರು ಸಭ್ಯಸ್ಥರು ಕಾಯ್ತಾ ಇದ್ದೆವು, ಮಧ್ಯೆ ಟೀ ಕುಡೀತಾ.

ಈ ನಡುವೆ ಸೌಕಾರ್‌ಪೇಟೆಯಲ್ಲಿ ಏನಾಗ್ತಿದೆ ಅಂತ ನಾನು ಹೋಗಿ ನೋಡಲಿಲ್ಲ. ಮುಖ ಇರಲಿಲ್ಲ ಹೋಗೋಕೆ.

ಎರಡು ಸಾವಿರದ ಐದರ ಆಗಸ್ಟಿನಲ್ಲಿ ಲಂಡನ್ನಿನಿಂದ ಒಂದು ಮೇಲ್ ಬಂತು. ಇನ್ನು ಮುಂದೆ ಬದುಕಿರೋರನ್ನೂ ಸೇರಿಸಬಹುದು, ಮೂರನೇ ನಿಯಮ ರದ್ದು. ಬೇರೆ ದೇಶದವರು ಗಲಾಟೆ ಮಾಡಿದ್ದರಂತೆ. ಹಾಗೇ ಹಳೇ ತಪ್ಪುಗಳಿದ್ದರೆ ತಿಳಿಸಿ, ಯಾರ ಮೇಲೂ ಕ್ರಮ ಇಲ್ಲ ಅಂತಲೂ ಬರೆದಿದ್ದರು. ನಾನು ಅದನ್ನ ಎರಡು ಸಲ ಓದಿದೆ. ಡ್ರಾಯರು ತೆಗೆದು ಆ ಅರ್ಜಿಯನ್ನ ಚೂರು ಚೂರು ಮಾಡಿ ಬುಟ್ಟಿಗೆ ಹಾಕಿದೆ. ಮೇಲ್‌ನ ಪ್ರಿಂಟ್ ತೆಗೆಸಿಕೊಂಡು ಆಟೋ ಹಿಡಿದೆ. ದಾರಿಯುದ್ದಕ್ಕೂ, ಅವರು ಸಾಯದೇ ಉಳಿದರಲ್ಲ, ನನ್ನ ಪಾಪ ಕಳೀತಲ್ಲ ಅಂತ ಅಂದುಕೊಳ್ತಾ ಹೋದೆ. ಖುಷಿಯಾಗಿತ್ತು ನನಗೆ. ನಿಜವಾಗಿ ಖುಷಿಯಾಗಿತ್ತು.

ಬಳೆ ಗೋದಾಮಿನ ಮೆಟ್ಟಿಲು ಹತ್ತಿ ಮೇಲೆ ಹೋದಾಗ ಅಂದಾನಿ ಅದೇ ಕಿಟಕಿಯ ಹತ್ತಿರ ಇದ್ದರು. ತೆಳ್ಳಗಾಗಿದ್ದರು. ಎದುರಿಗೆ ಒಂದು ಪಿಟೀಲು, ಮೇಲ್ಹಲಗೆ ಬಿಚ್ಚಿ ಪಕ್ಕಕ್ಕೆ ಇಟ್ಟಿದ್ದರು. ಬಟ್ಟಲಲ್ಲಿ ಬೆಚ್ಚನೆ ನೀರು, ಒಂದು ಬಟ್ಟೆ ಚೂರು. ಹೊಟ್ಟೆಯೊಳಗೆ, ಎರಡು ಬೆರಳಗಲದ ಜಾಗ ಮಾತ್ರ ಸುತ್ತಲಿನ ಮರಕ್ಕಿಂತ ಬಿಳುಪಾಗಿತ್ತು. ಚೀಟಿ ಇದ್ದ ಜಾಗ ಅದು.

'ಇದು ಕೌಸಲ್ಯಮ್ಮನ್ದು' ಅಂದರು. 'ತೊಂಬತ್ತೊಂದ್ರುದು. ಕೊನೇಗಂಟ ಆವಮ್ಮ ಒಪ್ಪಿರ್ಲಿಲ್ಲ. ಪಾಪ, ಫಾರಿನ್‌ಗೆ ಹೋಗ್ಬೇಕು, ಎಷ್ಟು ದಿನಾಂತ ತಡಕತಾರೆ.'

'ಏನು ಮಾಡ್ತಾ ಇದ್ದೀರಿ ಯಜಮಾನ್ರೇ?'

'ಹೆಸರು ತಗೀತಾವ್ನಿ.'

ಶಿವರಂಜನಿ ಹೇಳಿದಳು. ನೋಟಿಸು ಬಂದವರೆಲ್ಲ ಒಬ್ಬೊಬ್ಬರಾಗಿ ಪಿಟೀಲು ತಂದರಂತೆ. ಚೀಟಿ ಇದ್ದರೆ ನಕಲಿ ಮಾಲು, ಚೀಟಿ ಇಲ್ಲದಿದ್ದರೆ ಅನಾಮಧೇಯ ಪಿಟೀಲು, ಅದಕ್ಕೆ ಯಾವ ಕೇಸೂ ಇಲ್ಲ. ಕೆಲವರು ಅಳುತ್ತಾ ತಂದರು, ಕೆಲವರು ಬೈಯುತ್ತಾ ತಂದರು. ವರ್ಷದ ಮೇಲಾಯ್ತು, ಅಪ್ಪ ಹೊಸ ಕೆಲಸ ಮುಟ್ಟಿಲ್ಲ. ಮೂವತ್ತನ್ನ ಬಿಚ್ಚಿ, ಚೀಟಿ ನೆನೆಸಿ, ಕೆರೆದು, ಮತ್ತೆ ಮುಚ್ಚಿಕೊಟ್ಟರು, ಇದು ಮೂವತ್ತೊಂದನೇದು. ನೆನೆದ ಕಾಗದ ಹಿಂಡಿಯಾಗಿ ಬಂತು, ಒಂದೂ ಇಡಿಯಾಗಿ ಉಳಿದಿಲ್ಲ. ಕೇಸಿನ ಭಯಕ್ಕೆ ಚೀಟಿಯ ಫೋಟೋಗಳನ್ನೂ ಎಲ್ಲರೂ ಸುಟ್ಟುಹಾಕಿದ್ದರಂತೆ.

ನನ್ನ ಕೈಯಲ್ಲಿ ಪ್ರಿಂಟ್ ಇತ್ತು. 'ನಿಯಮ ಬದಲಾಗಿದೆ' ಅಂದೆ. 'ಬದುಕಿರೋರೂ ಸೇರಬಹುದು. ಚೀಟಿ ಇರೋ ಪಿಟೀಲು ಸಿಕ್ಕರೆ ಸಾಕು. ನೀವು ಯಾಕೆ ನನ್ನನ್ನ ಒಂದು ಮಾತು ಕೇಳಲಿಲ್ಲ?'

ಅಂದಾನಿ ಬಟ್ಟೆಯನ್ನ ಹಿಂಡಿ ಬಟ್ಟಲಿನ ಅಂಚಿಗೆ ಹಾಕಿದರು.

'ನೀವು ಸೋಮವಾರ ಸೋಮವಾರ ಫೋನ್ ಮಾಡ್ತಿದ್ರಿ. ಏನಕ್ಕೆ ಕಾಯ್ತಾವ್ರೆ ಅನ್ನೋದು ಎರಡನೇ ವಾರಕ್ಕೇ ಗೊತ್ತಾಯ್ತು. ನಾನೇನು ಎಳೇ ಮಗಾನ? ಪಾಪ, ನಿಮ್ಮನ್ನ ಯಾಕೆ ಕಾಯ್ಸೋದು, ಹೊಂಟೋಗೋಣ ಅಂದ್ಕಂಡೆ. ಜ್ವರ ಬಂದಾಗ ಔಷ್ದಿ ಬ್ಯಾಡ ಅಂದೆ, ಇವ್ಳು ಬಾಯಿ ಹಿಡ್ದು ಕುಡಿಸ್ಬುಟ್ಲು. ಪ್ರಾಣ ಹೋಗ್ನಿಲ್ಲ. ಸರಿ, ಹೆಸರ್ನಾದ್ರೂ ಮೊದ್ಲು ಕಳಿಸ್ಬುಡೋಣ ಅಂತ ಕುಂತ್ಕಂಡೆ.'

ಅವರು ಅದನ್ನ ಸಿಟ್ಟಿಲ್ಲದೇ ಹೇಳಿದರು. ಸಿಟ್ಟು ಮಾಡಿದ್ದರೆ ನಾನು ತಡೆದುಕೊಳ್ತಿದ್ದೆ. ಆ ಚಾಪೆಯ ಮೇಲೆ ಕೂತು, ಐವತ್ತಾರು ವರ್ಷದ ಹೆಂಗಸು, ಬಿಕ್ಕಿ ಬಿಕ್ಕಿ ಅತ್ತೆ. ಸುಮ್ಮನಿರಿ ಅಂತ ಅಪ್ಪನೂ ಹೇಳಲಿಲ್ಲ, ಮಗಳೂ ಹೇಳಲಿಲ್ಲ. ಅತ್ತು ಮುಗಿದ ಮೇಲೆ ಮೂಗು ಒರೆಸಿಕೊಂಡು, ನಾಚಿಕೆ ಬಿಟ್ಟು ಕೇಳಿದೆ.

'ಮತ್ತೆ ಅಂಟಿಸಿಕೊಡಿ. ಹೊಸ ಚೀಟಿ ಬರೆಯಿರಿ. ಯಾವ ಪಿಟೀಲು ಯಾವ ಇಸವಿದು ಅಂತ ನಿಮಗೆ ನೆನಪಿದೆ. ಒಬ್ಬೊಬ್ಬರನ್ನಾಗಿ ನಾನೇ ಹುಡುಕಿ ಕರೆಸ್ತೀನಿ. ನಾನೇ ನೋಡೋಳು, ನಾನೇ ಒಪ್ಪೋಳು. ಯಾರೂ ಕೇಳೋದಿಲ್ಲ.'

ಅಂದಾನಿ ಮೇಲ್ಹಲಗೆ ಎತ್ತಿ, ಅಂಚಿಗೆ ಗೋಂದು ಸವರಿ, ಪಿಟೀಲಿನ ಮೇಲೆ ಕೂರಿಸಿದರು. ಹಲಗೆ ಕಚ್ಚಿಹಿಡಿಯೋ ಕ್ಲಾಂಪುಗಳನ್ನ ಒಂದೊಂದಾಗಿ ಬಿಗಿ ಮಾಡಿದರು. ಅಂಚು ಕೂದಲೆಳೆಯಷ್ಟೂ ಆಚೀಚೆ ಹೋಗಲಿಲ್ಲ.

'ಎರಡು ಸಾವಿರದ ಐದ್ರಲ್ಲಿ ಕುಂತ್ಕಂಡು ತೊಂಬತ್ತೊಂದು ಅಂತ ಬರುದ್ರೆ, ಅದು ನಕಲಿ ಅಲ್ವ ತಾಯಿ' ಅಂದರು. 'ಇಷ್ಟು ದಿನ ನಾನು ಅದ ಮಾಡಿರ್ನಿಲ್ಲ.'

ಆಫೀಸಿಗೆ ವಾಪಸ್ ಬಂದು ಅವರ ಪುಟ ತೆರೆದೆ. ಮರಣದ ಇಸವಿ ಅಳಿಸಿದೆ. ನನ್ನ ಟಿಪ್ಪಣಿಯನ್ನೂ ಅಳಿಸಿದೆ. ಕಂಪ್ಯೂಟರು ಕೊನೆಯ ಕೃತಿಯ ಇಸವಿ ಕೇಳಿತು, ಚೀಟಿಯ ಸಾಕ್ಷಿ ಸಮೇತ. ತುಂಬದಿದ್ದರೆ ಪುಟ ಮುಚ್ಚೋದಿಲ್ಲ. ಸಂಜೆಯವರೆಗೂ ಅದರ ಮುಂದೆ ಕೂತಿದ್ದೆ. ಎಲ್ಲರೂ ಮನೆಗೆ ಹೊರಟಾಗ, ನಮ್ಮ ಹತ್ತಿರ ಸಾಕ್ಷಿ ಇದ್ದ ಕೊನೆಯ ಇಸವಿಯನ್ನೇ ಟೈಪ್ ಮಾಡಿದೆ. ಈಗ ಆ ಪಟ್ಟಿಯಲ್ಲಿ ನೋಡಿದರೆ ಹೀಗಿದೆ: ಅಂದಾನಿ, ಜನನ 1926, ಜೀವಂತವಿದ್ದಾರೆ, 1973ರ ನಂತರ ಏನನ್ನೂ ಮಾಡಿಲ್ಲ.